ರೋರಿಚ್ ಮನೆಯವರ ಕಥೆಯನ್ನು ಮಕ್ಕಳಿಗೆ ಹೇಳುವುದು ಹೇಗೆ

ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದು. ನಾನು ಹೈಸ್ಕೂಲಿನ ಡ್ರಾಯಿಂಗ್ ಟೀಚರ್. ಅಲ್ಲಿ ರಷ್ಯಾದ ಚಿತ್ರಕಾರ ನಿಕೋಲಸ್ ರೋರಿಚ್ ಮತ್ತು ಅವರ ಮಗ ಸ್ವೆತೊಸ್ಲಾವ್ ರೋರಿಚ್ ಬರೆದ ಚಿತ್ರಗಳಿವೆ. ಸುಮ್ನೆ ಒಳಗೆ ಬಿಟ್ಟರೆ ಮಕ್ಕಳು ಒಂದು ಸುತ್ತು ಹಾಕಿ ಬಂದು, "ಮಿಸ್, ಆಯ್ತು, ಊಟಕ್ಕೆ ಹೋಗೋಣ್ವಾ?" ಅನ್ನುತ್ತಾರೆ. ಹಾಗಾಗಬಾರದು ಅಂದರೆ ಹಿಂದಿನ ದಿನ ತರಗತಿಯಲ್ಲೇ ಅರ್ಧ ಕೆಲಸ ಮುಗಿಸಿರಬೇಕು.

ಸ್ವೆತೊಸ್ಲಾವ್ ಅವರ ಹೆಂಡತಿ ದೇವಿಕಾ ರಾಣಿಯಿಂದ ಶುರು ಮಾಡಬೇಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ದೊಡ್ಡ ಸಿನಿಮಾ ನಟಿ, ರಷ್ಯಾದವರನ್ನು ಮದುವೆಯಾದರು, ಕನಕಪುರ ರಸ್ತೆಯಲ್ಲಿ ದೊಡ್ಡ ಎಸ್ಟೇಟ್ ಇತ್ತು, ಆಮೇಲೆ ಕೋರ್ಟ್ ಕೇಸು. ಕಥೆ ರುಚಿಯಾಗೇನೋ ಇರುತ್ತದೆ, ಆದರೆ ಚಿತ್ರ ಬರೆದವರು ಅದರಲ್ಲಿ ಬರೀ 'ಆಕೆಯ ಗಂಡ' ಆಗಿಬಿಡುತ್ತಾರೆ.

ಒಂದು ಪ್ರಪಂಚ ಭೂಪಟ ತೆಗೆದುಕೊಳ್ಳಿ. ನಾಲ್ಕು ಬಣ್ಣದ ನೂಲು, ಒಂದಿಷ್ಟು ಗುಂಡುಸೂಜಿ ಸಾಕು. ಒಬ್ಬೊಬ್ಬರಿಗೆ ಒಂದು ಬಣ್ಣ. ಹುಟ್ಟಿದ ಊರಿಗೊಂದು ಸೂಜಿ, ತೀರಿಕೊಂಡ ಊರಿಗೊಂದು. ತಂದೆ ನಿಕೋಲಸ್ ಹುಟ್ಟಿದ್ದು 1874ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ತೀರಿಕೊಂಡದ್ದು 1947ರಲ್ಲಿ ಕುಲು ಕಣಿವೆಯ ನಗ್ಗರ್‌ನಲ್ಲಿ. ತಾಯಿ ಹೆಲೆನಾ ಹುಟ್ಟಿದ್ದೂ ಪೀಟರ್ಸ್‌ಬರ್ಗಿನಲ್ಲೇ, ಹೋದದ್ದು 1955ರಲ್ಲಿ ಪಶ್ಚಿಮ ಬಂಗಾಳದ ಕಾಲಿಂಪಾಂಗ್‌ನಲ್ಲಿ. ದೊಡ್ಡ ಮಗ ಯೂರಿ 1902ರಲ್ಲಿ ರಷ್ಯಾದಲ್ಲೇ ಹುಟ್ಟಿ, 1960ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. ಚಿಕ್ಕವರು ಸ್ವೆತೊಸ್ಲಾವ್. 1904ರಲ್ಲಿ ಪೀಟರ್ಸ್‌ಬರ್ಗ್, 1993ರ ಜನವರಿಯಲ್ಲಿ ನಮ್ಮ ಬೆಂಗಳೂರು.

ನೂಲು ಕಟ್ಟಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಒಂದೇ ಮನೆಯ ನಾಲ್ಕು ಜನ ನಾಲ್ಕು ಊರಲ್ಲಿ ಯಾಕೆ ಹೋದರು? ಮಕ್ಕಳು ಏನೇನೋ ಹೇಳುತ್ತಾರೆ. ಜಗಳ ಆಡ್ಕೊಂಡ್ರಾ ಅಂತಲೂ ಕೇಳುತ್ತಾರೆ. ಹೇಳಲು ಬಿಡಿ, ಆಮೇಲೆ ನೀವು ಶುರು ಮಾಡಿ.

1917ರಲ್ಲಿ ರಷ್ಯಾದಲ್ಲಿ ಕ್ರಾಂತಿಯಾಯಿತು. ಮನೆಯವರೆಲ್ಲ ಆಗ ಫಿನ್ಲೆಂಡ್ ಕಡೆ ಇದ್ದರು. ಅಷ್ಟರಲ್ಲಿ ಫಿನ್ಲೆಂಡ್ ಬೇರೆ ದೇಶವಾಯಿತು, ಮನೆ ಗಡಿಯ ಆಚೆ ಉಳಿಯಿತು. ಅಲ್ಲಿಂದ ಲಂಡನ್, 1920ರಲ್ಲಿ ಅಮೆರಿಕ, 1923ರ ಕೊನೆಗೆ ಭಾರತ. ನಿಕೋಲಸ್ ಅಷ್ಟು ಹೊತ್ತಿಗೆ ಹೆಸರು ಮಾಡಿದ್ದವರು. 1913ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟ್ರಾವಿನ್‌ಸ್ಕಿಯ ಬ್ಯಾಲೆಗೆ ರಂಗಸಜ್ಜಿಕೆ, ಉಡುಪು ಮಾಡಿಕೊಟ್ಟಿದ್ದರು. ಭಾರತಕ್ಕೆ ಬಂದ ಮೇಲೆ ಲಡಾಖ್, ಮಂಗೋಲಿಯಾ, ಟಿಬೆಟ್ ಎಲ್ಲ ಸುತ್ತಿದರು. ಆ ಪ್ರಯಾಣದಲ್ಲಿ ಟಿಬೆಟಿನವರು ಅವರನ್ನು ಚಳಿಗಾಲವಿಡೀ ತಡೆದು ನಿಲ್ಲಿಸಿದ್ದರು. ಸಾಮಾನು ಹೊರುವ ಪ್ರಾಣಿಗಳು ಚಳಿಗೆ ಸತ್ತವು. ಇದನ್ನು ನಿಧಾನವಾಗಿ ಹೇಳಿ, ಹಿಂದಿನ ಬೆಂಚಿನವರೂ ಕಿವಿಗೊಡುತ್ತಾರೆ. ಯೂರಿ ಜೊತೆಗಿದ್ದರು, ಟಿಬೆಟನ್ ಭಾಷೆ ಬಲ್ಲವರು. ಸ್ವೆತೊಸ್ಲಾವ್ ಮಾತ್ರ ಅಮೆರಿಕದಲ್ಲಿ ಉಳಿದಿದ್ದರು.

ಹೆಲೆನಾ ಬರೆದ ತತ್ವದ ಪುಸ್ತಕಗಳ ವಿಷಯ ಹೈಸ್ಕೂಲಿಗೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಒಂದು ಸಾಲು ಹೇಳಿ ಮುಂದೆ ಹೋಗಿ.

ಯೂರಿ ಹೇಗೆ ಮಾಸ್ಕೋ ಸೇರಿದರು ಅನ್ನೋದನ್ನು ಮಾತ್ರ ಬಿಡಬೇಡಿ. ಊರಿಗೆ ಮರಳಬೇಕೆಂಬ ಆಸೆ ತಂದೆ-ತಾಯಿಗೂ ಇತ್ತು, ಆಗಲಿಲ್ಲ. ಯೂರಿ 1957ರಲ್ಲಿ ಹೋದರು, ಮೂರೇ ವರ್ಷ ಬದುಕಿದರು. ಮಾಸ್ಕೋಗೆ ಹೋಗುವ ಆ ನೂಲನ್ನು ಮಕ್ಕಳೇ ಕೈಯಲ್ಲಿ ಹಿಡಿದು ನೋಡಲಿ.

ಇನ್ನು ಗ್ಯಾಲರಿ. ಮಕ್ಕಳಿಗಿಂತ ಮೊದಲು ನೀವೊಬ್ಬರೇ ಹೋಗಿ ಬನ್ನಿ. ಯಾವ ಚಿತ್ರ ಎಲ್ಲಿ ತೂಗುಹಾಕಿದ್ದಾರೆ, ಯಾವ ದಿನ ರಜೆ ಅಂತ ತಿಳಿದುಕೊಳ್ಳಿ. ಮೆಟ್ರೋದಲ್ಲಾದರೆ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿಯಿರಿ.

ಒಳಗೆ ಹೋದ ಮೇಲೆ ಭಾಷಣ ಬೇಡ. ಎರಡು ಕೆಲಸ ಕೊಡಿ. ಒಂದು, ತಂದೆಯ ಚಿತ್ರಗಳಲ್ಲಿ ಮನುಷ್ಯರನ್ನು ಹುಡುಕುವುದು. ಬೆಟ್ಟವೇ ಬೆಟ್ಟ, ಮನುಷ್ಯ ಇದ್ದರೂ ಕಡಲೆಕಾಳಿನಷ್ಟು. ಮಗನ ಚಿತ್ರಗಳ ಮುಂದೆ ನಿಂತರೆ ಮುಖಗಳು ಎದುರಿಗೇ ಬರುತ್ತವೆ. ಭಾವಚಿತ್ರದಲ್ಲಿ ಅವರದು ಪಳಗಿದ ಕೈ. ದೆಹಲಿಯ ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್‌ನಲ್ಲಿರುವ ನೆಹರೂ ಚಿತ್ರ ಇವರದೇ. ತಂದೆಯನ್ನು, ತಾಯಿಯನ್ನು, ಹೆಂಡತಿಯನ್ನು ಕೂರಿಸಿಕೊಂಡು ಬರೆದವರು ಇವರು. ಎರಡನೆಯದು, ಚಿತ್ರದ ಪಕ್ಕಕ್ಕೆ ಸರಿದು ಓರೆಯಿಂದ ನೋಡುವುದು. ತಂದೆ ಹೆಚ್ಚಾಗಿ ಟೆಂಪೆರಾದಲ್ಲಿ, ಅಂದರೆ ಬಣ್ಣದ ಪುಡಿಯನ್ನು ಮೊಟ್ಟೆಯಂಥ ಅಂಟಿನಲ್ಲಿ ಕಲಸಿದ ಬಣ್ಣದಲ್ಲಿ ಬರೆದರು. ಅದು ಒಣಗಿದ ಪೋಸ್ಟರ್ ಕಲರ್ ಥರ ಮಂಕು, ಬೆಳಕಿಗೆ ಹೊಳೆಯೋದಿಲ್ಲ. ಮಗ ಟೆಂಪೆರಾ, ಆಯಿಲ್ ಎರಡೂ ಬಳಸಿದರು. ಯಾವುದು ಯಾವುದು ಅಂತ ಮಕ್ಕಳೇ ಊಹಿಸಲಿ, ಆಮೇಲೆ ಚೀಟಿ ಓದಲಿ. ಗಾಜು ಹಾಕಿದ್ದರೆ ಈ ಆಟ ನಡೆಯೋಲ್ಲ.

ದೇವಿಕಾ ರಾಣಿ ಬರಬೇಕಾದ್ದು ಇಲ್ಲಿ. 1908ರಲ್ಲಿ ಈಗಿನ ವಿಶಾಖಪಟ್ಟಣದ ವಾಲ್ಟೇರ್‌ನಲ್ಲಿ ಹುಟ್ಟಿದವರು, ಇಂಗ್ಲೆಂಡಿನಲ್ಲಿ ಓದಿದವರು. ಗಂಡ ಹಿಮಾಂಶು ರಾಯ್ ಜೊತೆ ಬಾಂಬೆ ಟಾಕೀಸ್ ಕಟ್ಟಿದರು. 1940ರಲ್ಲಿ ಅವರು ತೀರಿಕೊಂಡ ಮೇಲೆ ಸ್ಟುಡಿಯೋವನ್ನು ತಾವೇ ನಡೆಸಿದರು. 1945ರಲ್ಲಿ ಸಿನಿಮಾ ಬಿಟ್ಟು ಸ್ವೆತೊಸ್ಲಾವ್ ಅವರನ್ನು ಮದುವೆಯಾದರು. ಮೊದಲು ನಗ್ಗರ್, ಆಮೇಲೆ ಬೆಂಗಳೂರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೊದಲು ಸಂದದ್ದು ಇವರಿಗೆ, 1969ನೇ ಸಾಲಿಗೆ. ಭೂಪಟಕ್ಕೆ ಐದನೇ ನೂಲು ಬೇಕಾಗುತ್ತದೆ, ಒಂದು ಬಣ್ಣ ಜಾಸ್ತಿ ಇಟ್ಟುಕೊಂಡಿರಿ.

ಕನಕಪುರ ರಸ್ತೆಯ ಆ ತಾತಗುಣಿ ಎಸ್ಟೇಟಿನಲ್ಲಿ ಗಂಡ-ಹೆಂಡತಿ ಲಿನಲೋ ಮರ ಬೆಳೆಸಿದರು. ಮೆಕ್ಸಿಕೋ ಕಡೆಯ ಮರ ಅದು, ಅದರ ಎಣ್ಣೆ ಸೆಂಟಿಗೆ ಹೋಗುತ್ತದೆ. "ಮಿಸ್, ಅವರಿಗೆ ಮಕ್ಕಳಿರಲಿಲ್ವಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಇರಲಿಲ್ಲ. ದೇವಿಕಾ ರಾಣಿ 1994ರ ಮಾರ್ಚಿನಲ್ಲಿ ಹೋದರು. ಎಸ್ಟೇಟನ್ನು ವಹಿಸಿಕೊಳ್ಳಲು ರಾಜ್ಯ ಸರ್ಕಾರ 1996ರಲ್ಲಿ ಕಾನೂನು ಮಾಡಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಕ್ಕಳಿಗೆ ಇಷ್ಟು ಸಾಕು. ಗಂಡ-ಹೆಂಡತಿ ಇಬ್ಬರ ಸಮಾಧಿಯೂ ಅಲ್ಲೇ ಇದೆ. ಆದರೆ ಒಳಗೆ ಬಿಡುತ್ತಾರೆ ಅಂದುಕೊಂಡು ಬಸ್ಸು ಮಾಡಿಕೊಂಡು ಹೋಗಬೇಡಿ, ಮೊದಲೇ ವಿಚಾರಿಸಿ.

ಜನವರಿಯಲ್ಲಿ ಚಿತ್ರಸಂತೆ ನಡೆಯುವ ಭಾನುವಾರವಂತೂ ಈ ಕೆಲಸಕ್ಕೆ ಬೇಡವೇ ಬೇಡ. ಕುಮಾರಕೃಪಾ ರಸ್ತೆ ತುಂಬ ಜನ. ಒಂದು ಚಿತ್ರದ ಪಕ್ಕಕ್ಕೆ ಸರಿದು ಓರೆಯಿಂದ ನೋಡಲಿಕ್ಕೂ ಜಾಗ ಸಿಗೋದಿಲ್ಲ.