ಕ್ಯಾನ್ಸರ್‌ಗೆ ಕೀಮೋ ನಡೀತಿರೋ ಮಗುವಿನ ಮನೆಗೆ ಹೋಗೋ ಮುಂಚೆ

"ಏನಾದ್ರೂ ಬೇಕಿದ್ರೆ ಹೇಳಿ" ಅಂದ್ರೆ ಯಾರೂ ಕೇಳಲ್ಲ, ಆ ತಾಯಿಗೆ ಯೋಚಿಸೋಕೂ ತ್ರಾಣ ಇರಲ್ಲ. "ಗುರುವಾರ ರಾತ್ರಿ ಊಟ ತರ್ತೀನಿ, ದೊಡ್ಡವಳನ್ನ ಸ್ಕೂಲಿಂದ ನಾನೇ ಕರ್ಕೊಂಡು ಬರ್ತೀನಿ" ಅಂತ ದಿನ, ಕೆಲಸ ಎರಡೂ ಹೇಳಿ.

ಊಟ ಅಂದ್ರೆ ಆಗಷ್ಟೇ ಮಾಡಿದ ಬಿಸಿ ಅನ್ನ, ತಿಳಿಸಾರು, ಇಡ್ಲಿ. ಕೀಮೋದಿಂದ ಸೋಂಕು ತಡೆಯೋ ಬಿಳಿ ರಕ್ತಕಣ ಇಳಿದಿರುವಾಗ ಸಣ್ಣ ಸೋಂಕೂ ಅಪಾಯ. ಕೋಸಂಬರಿ, ಹೆಚ್ಚಿಟ್ಟ ಹಣ್ಣು, ಹಸಿ ಚಟ್ನಿ ಬೇಡ. ಸಾರಿನ ಮೇಲೆ ಕೊತ್ತಂಬರಿ ಉದುರಿಸೋ ಅಭ್ಯಾಸ ಇರುತ್ತಲ್ಲ, ಅದನ್ನೂ ಸಾರಿನ ಜೊತೆಗೇ ಕುದಿಸಿಬಿಡಿ. ಬಾಯಿಹುಣ್ಣು ಇದ್ದರೆ ಖಾರ, ಹುಳಿ ಬಿಡಿ. ನಿಮಗೆ ನೆಗಡಿ ಇದ್ದರೆ ಡಬ್ಬಿ ಬಾಗಿಲಲ್ಲೇ ಕೊಟ್ಟು ಬನ್ನಿ.

ಮಗುವಿಗೆ ಪ್ಲೇಟ್‌ಲೆಟ್ (ರಕ್ತಸ್ರಾವ ತಡೆಯೋ ರಕ್ತಕಣ) ಕೊಡಿಸಬೇಕಾಗಬಹುದು. ದಾನಿಗಳಿಂದ ತಗೊಂಡ ಪ್ಲೇಟ್‌ಲೆಟ್ ಸಾಮಾನ್ಯವಾಗಿ 5 ದಿನವಷ್ಟೇ ಇಡೋಕಾಗೋದು. ಹತ್ತು ಜನ ಒಂದೇ ದಿನ ಕೊಟ್ಟರೆ ಅದು ಮುಂದಿನ ವಾರಕ್ಕೆ ಉಳಿಯಲ್ಲ. ರಕ್ತದ ಗುಂಪು, ಫೋನ್ ನಂಬರ್, ಬಿಡುವಿನ ದಿನ ಬರೆದ ಪಟ್ಟಿ ಮಾಡಿ ಮಗುವಿನ ಅಪ್ಪನ ಕೈಗೆ ಕೊಡಿ. ಆಸ್ಪಿರಿನ್ ತಗೊಂಡವರು ಕನಿಷ್ಠ 3 ದಿನ ಕಾಯಬೇಕು, ಮೊದಲೇ ವಿಚಾರಿಸಿ.

ಮಕ್ಕಳ ರಕ್ತದ ಕ್ಯಾನ್ಸರ್‌ನಲ್ಲಿ ಹೆಚ್ಚು ಕಾಣೋ ಎ.ಎಲ್.ಎಲ್.ಗೆ ಚಿಕಿತ್ಸೆ 2 ವರ್ಷ ದಾಟುತ್ತೆ. ಮೊದಲ ತಿಂಗಳು ಎಲ್ಲರೂ ಬರ್ತಾರೆ. ನೀವು ಏಳನೇ ತಿಂಗಳಿಗೆ ಹೆಸರು ಬರೆಸಿ.