ಎರೆ ಹೊಲದಿಂದ ಟೆಕ್ನಿಕಲ್ ಕಮಿಟಿಗೆ: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ನಮ್ಮಂಥವರಿಗೆ, ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವಾದ ಐಟ್ರಿಪಲ್‌ಇ ಅಂದರೆ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಸಂಶೋಧನಾ ಪೇಪರ್ ಹುಡುಕುವ ಜಾಗ, ಅಷ್ಟೇ. ಅದರೊಳಗೆ ಕಮ್ಯುನಿಕೇಷನ್ಸ್ ಸೊಸೈಟಿ ಇದೆ, ಆ ಸೊಸೈಟಿಯಲ್ಲಿ ವಿಷಯಕ್ಕೊಂದು ಟೆಕ್ನಿಕಲ್ ಕಮಿಟಿ ಇದೆ, ಅಲ್ಲಿ ನಾವೂ ಕೆಲಸ ಮಾಡಬಹುದು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ನಾನು ಸೇರಿದ್ದು ಅಡ್‌ಹಾಕ್ ಮತ್ತು ಸೆನ್ಸರ್ ನೆಟ್‌ವರ್ಕ್‌ಗಳ ಕಮಿಟಿಗೆ. ಅಡ್‌ಹಾಕ್ ಅಂದರೆ ಟವರ್ ಇಲ್ಲದೆ ಉಪಕರಣಗಳೇ ಒಂದಕ್ಕೊಂದು ಸುದ್ದಿ ದಾಟಿಸುವ ಜಾಲ; ಸೆನ್ಸರ್ ನೆಟ್‌ವರ್ಕ್ ಅಂದರೆ ಅಳೆದದ್ದನ್ನು ರೇಡಿಯೋ ಅಲೆಯಲ್ಲಿ ಕಳಿಸುವ ಸಣ್ಣ ಉಪಕರಣಗಳ ಜಾಲ. ಈಗ ಕಮಿಟಿಯ ಹೆಸರಿಗೆ ಇಂಟರ್‌ನೆಟ್ ಆಫ್ ಥಿಂಗ್ಸ್ ಕೂಡ ಸೇರಿಕೊಂಡಿದೆ. ಅಲ್ಲಿ ನಾನು ಏನು ಮಾಡುತ್ತೇನೆ, ಅದಕ್ಕೂ ಕುಂದಗೋಳದ ಕಡೆಯ ಮೆಣಸಿನಕಾಯಿ ಹೊಲಕ್ಕೂ ಏನು ಸಂಬಂಧ ಅಂತ ಬರೆಯುತ್ತಿದ್ದೇನೆ. ನಮ್ಮ ಕಡೆಯ ಇನ್ನಷ್ಟು ಮಂದಿ ಇದಕ್ಕೆ ಬರಬೇಕು ಅನ್ನೋದು ನನ್ನ ಆಸೆ.

ಕಮಿಟಿಯ ಸಭೆಗಳು ಸಾಮಾನ್ಯವಾಗಿ ಐಸಿಸಿ ಮತ್ತು ಗ್ಲೋಬ್‌ಕಾಮ್ ಎಂಬ ಎರಡು ದೊಡ್ಡ ಸಮ್ಮೇಳನಗಳ ಜೊತೆಗೇ ನಡೆಯುತ್ತವೆ. ಆ ಸಮ್ಮೇಳನಗಳಲ್ಲಿ ನಮ್ಮ ವಿಷಯಕ್ಕೆ ಬೇರೆ ವಿಭಾಗ ಇರುತ್ತದೆ. ಅದನ್ನು ಯಾರು ನಡೆಸಬೇಕು, ಬಂದ ಪೇಪರ್‌ಗಳನ್ನು ಯಾರು ನೋಡಬೇಕು ಅನ್ನೋದರಲ್ಲಿ ಕಮಿಟಿಯವರ ಕೈ ಇರುತ್ತದೆ. ಇಲ್ಲಿಂದ ಅಷ್ಟು ದೂರ ಹೋಗಿ ಸಭೆಯಲ್ಲಿ ಕೂರುವುದು ನಮ್ಮ ಸಂಬಳದಲ್ಲಿ ಸುಲಭ ಅಲ್ಲ. 2020ರಲ್ಲಿ ಕೊರೊನಾದಿಂದಾಗಿ ಡಬ್ಲಿನ್‌ನ ಐಸಿಸಿ ಆನ್‌ಲೈನ್ ಆಯಿತು. ನಾನು ವಿದ್ಯಾನಗರದ ಮನೆಯಲ್ಲೇ ಕೂತು ಎಲ್ಲ ಕೇಳಿದೆ. ಆಮೇಲೆ ಸದಸ್ಯನಾಗಿ ಹೆಸರು ಬರೆಸಿದೆ, ರಿವ್ಯೂ ಮಾಡಲು, ಅಂದರೆ ಸಮ್ಮೇಳನಕ್ಕೆ ಬಂದ ಪೇಪರ್ ಓದಿ ಅಭಿಪ್ರಾಯ ಬರೆಯಲು, ಸಿದ್ಧ ಅಂತ ಹೇಳಿದೆ. ಸೇರುವುದು ಇಷ್ಟೇ. ಕೆಲಸ ಶುರುವಾಗುವುದು ರಿವ್ಯೂ ಬಂದಾಗ.

ಪೇಪರ್‌ಗಳು ಈಡಾಸ್ ಎಂಬ ವ್ಯವಸ್ಥೆಯ ಮೂಲಕ ಬರುತ್ತವೆ, ಹೆಚ್ಚಾಗಿ 6 ಪುಟ. ಯಾವ ಪೇಪರು, ಯಾರದ್ದು ಅಂತ ಹೊರಗೆ ಹೇಳುವಂತಿಲ್ಲ, ಹೇಳುವುದೂ ಇಲ್ಲ. ಆದರೆ ಓದುವ ರೀತಿ ಹೇಳಬಹುದು. ನಾನು ಮೊದಲು ಫಲಿತಾಂಶದ ಗ್ರಾಫ್ ನೋಡುವುದಿಲ್ಲ. ಏನೇನು ಅಂದುಕೊಂಡು ಲೆಕ್ಕ ಮಾಡಿದ್ದಾರೆ ಅಂತ ಹುಡುಕುತ್ತೇನೆ. ರೇಡಿಯೋ ಒಂದು ಗೆರೆಯ ಒಳಗೆ ಪೂರ್ತಿ ಕೇಳುತ್ತದೆ, ಗೆರೆ ದಾಟಿದರೆ ಏನೂ ಕೇಳುವುದಿಲ್ಲ ಅಂತ ಇಟ್ಟುಕೊಂಡಿದ್ದಾರಾ? ಬ್ಯಾಟರಿ ಲೆಕ್ಕದಲ್ಲಿ ಕಳಿಸುವ ಖರ್ಚು ಮಾತ್ರ ಹಿಡಿದಿದ್ದಾರಾ? ಈ ಎರಡನೆಯದು ನನಗೆ ಬಹಳ ಮುಖ್ಯ. ಸಿಸಿ2420 ಅನ್ನೋದು ಈ ಕ್ಷೇತ್ರದಲ್ಲಿ ವರ್ಷಗಟ್ಟಲೆ ಬಳಸಿದ ರೇಡಿಯೋ ಚಿಪ್. ಅದರ ಡೇಟಾಶೀಟ್ ತೆಗೆದು ನೋಡಿ: ಪೂರ್ತಿ ಶಕ್ತಿಯಲ್ಲಿ ಕಳಿಸಲು 17.4 ಮಿಲಿಆಂಪಿಯರ್, ಕೇಳಲು 18.8. ಕಳಿಸುವುದಕ್ಕಿಂತ ಕೇಳುವುದೇ ಜಾಸ್ತಿ ತಿನ್ನುತ್ತದೆ! ಕಳಿಸುವುದು ಕೆಲವೇ ಮಿಲಿಸೆಕೆಂಡ್. ಕೇಳುವ ರೇಡಿಯೋವನ್ನು ಸುಮ್ನೆ ತೆರೆದಿಟ್ಟರೆ ಬ್ಯಾಟರಿ ಕೆಲವೇ ದಿನದಲ್ಲಿ ಮುಗಿಯುತ್ತದೆ. ಹಾಗಾಗಿ ರೇಡಿಯೋ ಯಾವಾಗ ಮಲಗುತ್ತದೆ, ಯಾವಾಗ ಏಳುತ್ತದೆ ಅಂತ ಬರೆಯದ ಪೇಪರ್ ಬಂದರೆ ಅದನ್ನೇ ಮೊದಲ ಪ್ರಶ್ನೆಯಾಗಿ ಬರೆಯುತ್ತೇನೆ.

ಈ ಪ್ರಶ್ನೆಗಳು ನನಗೆ ಪುಸ್ತಕಕ್ಕಿಂತ ಜಾಸ್ತಿ ಹೊಲದಲ್ಲಿ ಹುಟ್ಟಿದವು.

ಕುಂದಗೋಳದ ಕಡೆ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವುದು ಹೆಚ್ಚಾಗಿ ಮಳೆ ನಂಬಿ. ಕೃಷಿ ಹೊಂಡ ಇದ್ದವರಿಗೆ ಒಂದೆರಡು ಸಲ ನೀರು ಹಾಯಿಸುವಷ್ಟು ಆಸರೆ. ಮಳೆ ಕೈಕೊಟ್ಟಾಗ ಆ ನೀರನ್ನು ಇವತ್ತು ಬಿಡಬೇಕಾ, ಇನ್ನೊಂದು ವಾರ ತಡೆಯಬಹುದಾ ಅನ್ನೋದು ರೈತನ ತಲೆನೋವು. ಮಣ್ಣಿನ ಹಸಿ ಅಳೆದು ಅದಕ್ಕೆ ಉತ್ತರ ಕೊಡಬಹುದಾ ಅಂತ ವಿದ್ಯಾರ್ಥಿಗಳ ಜೊತೆ ಹೊರಟೆ. ನಮಗಿಂತ ಬಹಳ ಮೊದಲೇ, 2000ರ ದಶಕದಲ್ಲಿ, ಬೆಂಗಳೂರಿನ ಐಐಎಸ್‌ಸಿ ಮತ್ತು ಸ್ವಿಟ್ಜರ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್‌ಎಲ್‌ನವರು ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಇಂಥದ್ದೇ ಕೆಲಸ ಮಾಡಿದ್ದರು. ನಮ್ಮ ರಾಜ್ಯದ ಒಣಬೇಸಾಯಕ್ಕಾಗಿಯೇ ಕಟ್ಟಿದ ಸೆನ್ಸರ್ ನೆಟ್‌ವರ್ಕ್ ಅದು. ಈ ವಿಷಯ ಓದುವ ಹುಡುಗರಿಗೆ ನಾನು ಅದನ್ನು ಮೊದಲು ಓದಿಸುತ್ತೇನೆ.

ಸೆನ್ಸರ್‌ಗಳನ್ನು ವೈರ್‌ನಲ್ಲಿ ಜೋಡಿಸಿ ಬದುವಿನ ಮೇಲೆ ಒಂದೇ ಪೆಟ್ಟಿಗೆ ಇಟ್ಟರೆ ಅಗ್ಗ ಆಗುತ್ತದೆ ಅಂತ ಒಬ್ಬ ಹುಡುಗ ಹೇಳಿದ. ಹೊಲದ ಕಾಕಾ ನಕ್ಕುಬಿಟ್ಟರು. "ಸರ, ನಾವು ಉದ್ದನೂ ಎಡಿ ಹೊಡಿತೀವಿ, ಅಡ್ಡನೂ ಹೊಡಿತೀವ್ರಿ. ನಿಮ್ಮ ವಾಯರ್ ಎಲ್ಲಿ ಉಳಿತೈತಿ?" ಗಿಡಗಳನ್ನು ಚೌಕಾಕಾರದಲ್ಲಿ ಹಚ್ಚಿರುತ್ತಾರೆ. ಎರಡೂ ದಿಕ್ಕಿನಲ್ಲಿ ಎಡೆಕುಂಟೆ, ಅಂದರೆ ಸಾಲಿನ ನಡುವೆ ಕಳೆ ತೆಗೆಯುವ ಕುಂಟೆ, ಹೋಗುತ್ತದೆ. ಹೊಲದ ಒಳಗೆ ಹರಿದಾಡುವ ವೈರ್ ಯಾವುದಿದ್ದರೂ ಕತ್ತರಿಸಿ ಹೋಗುತ್ತದೆ. ಹಾಗಾಗಿ ಒಂದೊಂದು ಜಾಗಕ್ಕೂ ಒಂದೊಂದು ನೋಡ್, ಅಂದರೆ ಸೆನ್ಸರ್, ಬ್ಯಾಟರಿ, ರೇಡಿಯೋ ಸೇರಿದ ಸಣ್ಣ ಪೆಟ್ಟಿಗೆ, ಬೇಕಾಯಿತು. ಗಿಡದ ಬುಡಕ್ಕೆ ಅಂಟಿದಂತೆ ಗಳ ನೆಟ್ಟು, ವೈರನ್ನು ಗಳದ ಗುಂಟ ನೇರ ಮಣ್ಣಿಗಿಳಿಸಿದೆವು. ಹೊಲದಲ್ಲಿ ವೈರ್‌ಲೆಸ್ ಯಾಕೆ ಬೇಕು ಅಂತ ಕೇಳಿದರೆ ನನ್ನ ಉತ್ತರ ಈ ಎಡೆಕುಂಟೆಯೇ.

ನೋಡ್‌ಗಳು 802.15.4 ರೇಡಿಯೋದವು, ಅಂದರೆ ಕಡಿಮೆ ಬ್ಯಾಟರಿಯಲ್ಲಿ ಹತ್ತಿರದ ದೂರಕ್ಕೆ ಮಾತಾಡುವ ರೇಡಿಯೋದ ಐಟ್ರಿಪಲ್‌ಇ ಸ್ಟ್ಯಾಂಡರ್ಡ್‌ನವು. ಆ ಸ್ಟ್ಯಾಂಡರ್ಡ್ ಮೊದಲು ಬಂದದ್ದು 2003ರಲ್ಲಿ. ಒಂದು ಫ್ರೇಮ್‌ಗೆ, ಅಂದರೆ ಒಂದು ಸಲ ಕಳಿಸುವ ಕಂತೆಗೆ, ಹೆಚ್ಚೆಂದರೆ 127 ಬೈಟ್. ನಮಗೆ ಅದು ಬೇಕಾದಷ್ಟಾಯಿತು. ಮಣ್ಣಿನ ಹಸಿ, ಉಷ್ಣತೆ, ಬ್ಯಾಟರಿಯ ವೋಲ್ಟೇಜ್, ಜೊತೆಗೆ ಆ ನೋಡ್ ಯಾವ ನೋಡ್ ಮೂಲಕ ದಾಟಿಸುತ್ತಿದೆ ಅನ್ನೋದು. ಈ ಕೊನೆಯದನ್ನು ಬಿಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ದಾರಿ ಹುಡುಕುವ ಕೆಲಸ ಆರ್‌ಪಿಎಲ್ ಪ್ರೋಟೋಕಾಲ್‌ನದ್ದು, 2012ರಲ್ಲಿ ಸ್ಟ್ಯಾಂಡರ್ಡ್ ಆದದ್ದು. ಜುಲೈನಲ್ಲಿ ಗಿಡ ಸಣ್ಣದಿದ್ದಾಗ ದೂರದ ನೋಡ್ ಕೂಡ, ಎಲ್ಲ ನೋಡ್‌ಗಳ ಮಾಹಿತಿ ಬಂದು ಸೇರುವ ಗೇಟ್‌ವೇಗೆ ನೇರ ಮಾತಾಡುತ್ತಿತ್ತು. ಗಿಡ ಹರಡಿಕೊಂಡ ಮೇಲೆ ಅದೇ ನೋಡ್ ಪಕ್ಕದವರ ಕೈಹಿಡಿಯಿತು. ಎಲೆಯಲ್ಲಿ ಇರುವುದು ನೀರು, ನೀರು 2.4 ಗಿಗಾಹರ್ಟ್ಸ್ ಅಲೆಯನ್ನು ಚೆನ್ನಾಗಿ ಹೀರುತ್ತದೆ. ದಾರಿ ಬದಲಾದ ದಾಖಲೆ ನೋಡಿದರೆ ಬೆಳೆ ಹೇಗೆ ಬೆಳೆಯಿತು ಅಂತಲೇ ಕಾಣುತ್ತದೆ! ಆಮೇಲೆ ಆಂಟೆನಾವನ್ನು ಗಿಡದ ತಲೆಗಿಂತ ಸಾಕಷ್ಟು ಮೇಲೆ ಕಟ್ಟಿದೆವು. ಬದುವಿನಿಂದ ಊರಿಗೆ ಮಾತ್ರ ಲೋರಾ ಎಂಬ ದೂರ ತಲುಪುವ ರೇಡಿಯೋ ಬಳಸಿದೆವು. ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ 865 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, ಎಲೆಗಳಿಗೆ ಅಷ್ಟಾಗಿ ಸಿಕ್ಕಿಕೊಳ್ಳುವುದಿಲ್ಲ.

ಇನ್ನು ಮಣ್ಣು. ಎರೆ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ಗೊತ್ತಲ್ವಾ. ಕೈ ಇಳಿಯುವಷ್ಟು ಅಗಲ. ನಮ್ಮ ಸೆನ್ಸರ್ ಅಳೆಯುವುದು ಸುತ್ತಲಿನ ವಸ್ತುವಿನ ಡೈಎಲೆಕ್ಟ್ರಿಕ್ ಗುಣ, ಅಂದರೆ ವಿದ್ಯುತ್ ಕ್ಷೇತ್ರಕ್ಕೆ ಆ ವಸ್ತು ಎಷ್ಟು ಸ್ಪಂದಿಸುತ್ತದೆ ಅನ್ನೋದು. ನೀರಿಗೆ ಅದು ಸುಮಾರು 80, ಗಾಳಿಗೆ 1. ಸೆನ್ಸರ್‌ನ ಪಕ್ಕದಲ್ಲಿ ಕೂದಲೆಳೆಯಷ್ಟು ಸಂದು ಬಿದ್ದರೂ ಅದು ಗಾಳಿಯನ್ನು ಅಳೆದು, ಹೊಲ ಪೂರ್ತಿ ಒಣಗಿದೆ ಅನ್ನುತ್ತದೆ. ಮಳೆ ಬಂದರೆ ಅದೇ ಸಂದಿನಲ್ಲಿ ನೀರು ನಿಂತು, ಹೊಲ ಕೆರೆಯಾಗಿದೆ ಅನ್ನುತ್ತದೆ. ಎರಡೂ ಸುಳ್ಳು. ಆದರೆ ನೆಟ್‌ವರ್ಕ್ ಆ ಸುಳ್ಳನ್ನು ಒಂದು ಪ್ಯಾಕೆಟ್ಟೂ ಕಳೆಯದೆ ತಲುಪಿಸುತ್ತದೆ. ಪ್ಯಾಕೆಟ್ ಎಷ್ಟು ತಲುಪಿತು ಅನ್ನೋದನ್ನೇ ಗುಣ ಅಂತ ತೋರಿಸುವ ಪೇಪರ್‌ಗಳನ್ನು ಓದುವಾಗ ನನಗೆ ಇದು ನೆನಪಾಗುತ್ತದೆ. ನಾವು ಅಗೆದ ಮಣ್ಣನ್ನೇ ನೀರಲ್ಲಿ ಕಲಸಿ ರಾಡಿ ಮಾಡಿ, ಸೆನ್ಸರ್ ಸುತ್ತ ತುಂಬಿ ಒತ್ತುತ್ತೇವೆ. ಗುಂಡಿಯ ಪಕ್ಕದ ಗೋಡೆಗೆ ಅಡ್ಡವಾಗಿ ಚುಚ್ಚುತ್ತೇವೆ, ಮೇಲಿನಿಂದ ಅಲ್ಲ. ಮೇಲಿನಿಂದ ಚುಚ್ಚಿದರೆ ಅದರ ಗುಂಟವೇ ನೀರು ಇಳಿಯುತ್ತದೆ. ಜೊತೆಗೆ ಆಗಾಗ ಮಣ್ಣು ತಂದು, ತೂಕ ಮಾಡಿ, 105 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಕ ಮಾಡಿ ಸೆನ್ಸರ್‌ನ ಲೆಕ್ಕಕ್ಕೆ ತಾಳೆ ನೋಡುತ್ತೇವೆ. ಬೇಸರದ ಕೆಲಸ. ಆದರೆ ಇದಿಲ್ಲದೆ ಕಾಕಾನಿಗೆ "ಇವತ್ತು ನೀರು ಬಿಡ್ರಿ" ಅಂತ ಹೇಳುವ ಧೈರ್ಯ ನನಗೆ ಬರುವುದಿಲ್ಲ.

ಕಮಿಟಿಯಲ್ಲಿ ಗಣಿತ ಗೊತ್ತಿರುವವರು ಬೇಕಾದಷ್ಟು ಜನ ಇದ್ದಾರೆ, ಅವರ ಮೇಲೆ ನನಗೆ ಗೌರವ ಇದೆ. ಒಂದು ಬೆಳೆ ಪೂರ್ತಿ ಮುಗಿಯುವವರೆಗೆ ನೆಟ್‌ವರ್ಕ್ ಇಟ್ಟು ನೋಡಿದವರು ಇನ್ನೂ ಬೇಕು. ನಮ್ಮಲ್ಲಿ ಅಂಥ ಹೊಲ ಕಾಲೇಜಿನಿಂದ ಬೈಕಿನಲ್ಲಿ ಹೋಗಿಬರುವಷ್ಟು ಹತ್ತಿರ. ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲೇ ಇದೆ. 2019ರ ಆಗಸ್ಟ್‌ನ ನೆರೆಯನ್ನೂ ಕಂಡಿದ್ದೇವೆ. ಟವರ್ ಇಲ್ಲದೆ ಫೋನ್‌ನಿಂದ ಫೋನ್‌ಗೆ ಸುದ್ದಿ ದಾಟಿಸುವ ಅಡ್‌ಹಾಕ್ ನೆಟ್‌ವರ್ಕ್ ನಮಗೆ ಬರೀ ಪಾಠದ ವಿಷಯ ಅಲ್ಲ.

ಗದಗ, ಹಾವೇರಿಯ ಕಾಲೇಜುಗಳಲ್ಲಿ ಇರುವವರಿಗೆ ಹೇಳುವುದು ಇಷ್ಟು: ಕಮಿಟಿಗೆ ಸೇರಿ, ರಿವ್ಯೂ ಕೇಳಿ ತೆಗೆದುಕೊಳ್ಳಿ. ಮೊದಮೊದಲು ಎರಡೇ ಪೇಪರ್ ಒಪ್ಪಿಕೊಳ್ಳಿ, ಆದರೆ ಒಂದೊಂದಕ್ಕೂ ಒಂದು ಪುಟ ಬರೆಯಿರಿ. ಬರೆದವರು ಎಷ್ಟೋ ಸಲ ವಿದ್ಯಾರ್ಥಿಗಳೇ ಆಗಿರುತ್ತಾರೆ. ಬರೀ "ಹೊಸತನ ಇಲ್ಲ" ಅಂತ ಬರೆದರೆ ಅವರಿಗೆ ಏನೂ ಸಿಗುವುದಿಲ್ಲ. ಆಂಟೆನಾ ಎಷ್ಟು ಎತ್ತರ ಅಂತ ಕೇಳಿದರೆ ಮುಂದಿನ ಸಲ ಅಳೆದು ಬರೆಯುತ್ತಾರೆ.

ಈ ಮುಂಗಾರಿಗೆ ನಾವು ನೋಡ್‌ಗಳನ್ನು ಹತ್ತಿ ಹೊಲಕ್ಕೆ ಒಯ್ಯುತ್ತಿದ್ದೇವೆ. ಹತ್ತಿ ಗಿಡ ಮೆಣಸಿನ ಗಿಡಕ್ಕಿಂತ ಎತ್ತರ ಬೆಳೆಯುತ್ತದೆ. ಗಳ ಬದಲಿಸಬೇಕು, ಆಂಟೆನಾ ಎಲ್ಲಿ ಕಟ್ಟಬೇಕು ಅಂತ ಮತ್ತೆ ಮೊದಲಿನಿಂದ ಅಳೆಯಬೇಕು.