ದಮ್ಮು ಎಳೆದಿದ್ದು, ದಮ್ಮು ಹಿಡಿದಿದ್ದು

ಕೊಡಗಿನಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದರೆ ನಮ್ಮ ತೋಟದ ಮನೆಯಲ್ಲಿ ಗೋಡೆಗೂ ಬೂಷ್ಟು, ಕಂಬಳಿಗೂ ಬೂಷ್ಟು. ನನಗೆ ದಮ್ಮು ಶುರುವಾಗುವುದೂ ಆಗಲೇ. ಔಷಧಿ ಎಳೆದುಕೊಳ್ಳುವ ಪಂಪ್ (ಇನ್ಹೇಲರ್) ಸದಾ ಜೇಬಿನಲ್ಲಿರುತ್ತಿತ್ತು. ಆದರೆ ಎರಡು ಸಲ ಒತ್ತಿ ಎಳೆದರೂ ಎದೆ ಹಗುರಾಗುತ್ತಿರಲಿಲ್ಲ. ಔಷಧಿಯೇ ಸರಿಯಿಲ್ಲ ಎಂದು ಬೈದುಕೊಳ್ಳುತ್ತಿದ್ದೆ.

ಮಡಿಕೇರಿಯ ಡಾಕ್ಟ್ರು, "ನನ್ನೆದುರಿಗೇ ಒಂದು ಸಲ ತಗೊಳ್ಳಿ" ಎಂದರು. ತಗೊಂಡೆ. "ಹೀಗೆ ಎಳೆಯೋದನ್ನ ಎಲ್ಲಿ ಕಲಿತಿರಿ?" ಎಂದು ನಕ್ಕರು. ನಿಜ ಹೇಳಬೇಕಾಯಿತು. ಕಾಲೇಜು ದಿನಗಳಲ್ಲಿ ಗಾಂಜಾ ಸೇದುತ್ತಿದ್ದೆ. 1985ರ ಮಾದಕ ವಸ್ತು ಕಾಯ್ದೆ ಪ್ರಕಾರ ಅಪರಾಧ ಅಂತ ಗೊತ್ತಿದ್ದೂ, ಕಾಫಿ ಕಣದ ಹಿಂದೆ ಕದ್ದು ಕೂತು. ಗಬಕ್ಕನೆ ಎಳೆಯಬೇಕು, ಕಣ್ಣಲ್ಲಿ ನೀರು ಬರುವ ತನಕ ಹೊಗೆ ಒಳಗೇ ಹಿಡಿಯಬೇಕು. ಜಾಸ್ತಿ ಹೊತ್ತು ಹಿಡಿದವನೇ ಶೂರ!

ಆ ಶೂರತನ ಸುಮ್ನೆ ದಂಡ ಎಂದು ತಿಳಿದಿದ್ದು ಅವತ್ತೇ. ಗಾಂಜಾದ ಅಮಲೇರಿಸುವ ಅಂಶವಾದ ಟಿಎಚ್‌ಸಿ ಗಾಳಿಚೀಲ ಮುಟ್ಟಿದ ಕೆಲವೇ ಸೆಕೆಂಡಿನಲ್ಲಿ ರಕ್ತಕ್ಕೆ ಸೇರಿಬಿಡುತ್ತದೆ. ಆಮೇಲೆ ಉಸಿರು ಕಟ್ಟಿ ಕೂತರೆ ಅಮಲು ಹೇಳಿಕೊಳ್ಳುವಷ್ಟು ಏರುವುದಿಲ್ಲ. ಒಳಗೆ ಜಾಸ್ತಿ ಉಳಿಯುವುದು ಟಾರು, ಜಾಸ್ತಿ ಸೇರುವುದು ಕಾರ್ಬನ್ ಮಾನಾಕ್ಸೈಡ್. ದಮ್ಮಿನವನಿಗೆ ಇದಕ್ಕಿಂತ ಕೇಡು ಬೇಕಾ?

ಪಂಪಿನ ಲೆಕ್ಕವೇ ಬೇರೆ. ಅದರ ಔಷಧಿ ರಕ್ತಕ್ಕಲ್ಲ, ಉಸಿರಿನ ಕೊಳವೆಗಳಿಗೇ ತಾಗಬೇಕು. ಗಬಕ್ಕನೆ ಎಳೆದರೆ ಹನಿಗಳೆಲ್ಲ ಗಂಟಲಿನ ಹಿಂಬದಿಗೆ ಬಡಿದು ಅಲ್ಲೇ ಅಂಟುತ್ತವೆ. ನನ್ನ ಔಷಧಿ ಇಷ್ಟು ವರ್ಷ ಹೋಗಿದ್ದು ಅಲ್ಲಿಗೇ. ಈಗ ಪಂಪ್ ಅಲುಗಾಡಿಸಿ, ಮೊದಲು ಉಸಿರು ಪೂರ್ತಿ ಹೊರಗೆ ಬಿಡುತ್ತೇನೆ. ಆಮೇಲೆ ಎಳೆಯಲು ಶುರು ಮಾಡುತ್ತಲೇ ಒತ್ತಿ, ನಿಧಾನಕ್ಕೆ ನಾಲ್ಕೈದು ಸೆಕೆಂಡು ಎಳೆದು, ಹತ್ತು ಎಣಿಸುವ ತನಕ ಹಿಡಿಯುತ್ತೇನೆ. ಇಲ್ಲಿ ಹಿಡಿದರೆ ಲಾಭವಿದೆ. ಒಂದರಿಂದ ಐದು ಮೈಕ್ರಾನಿನ ಸಣ್ಣ ಹನಿಗಳು ಕೆಳಗಿನ ಕೊಳವೆಗಳಲ್ಲಿ ಕೂರಲು ಅಷ್ಟು ಹೊತ್ತು ಬೇಕು. ಒತ್ತುವುದು, ಎಳೆಯುವುದು ಹೊಂದದಿದ್ದಾಗ ಪಂಪಿನ ಬಾಯಿಗೆ ಸ್ಪೇಸರ್ ಎಂಬ ಕೊಳವೆಯಂಥ ಡಬ್ಬಿ ಹಾಕಿಕೊಳ್ಳುತ್ತೇನೆ. ಸ್ಟಿರಾಯ್ಡ್ ಪಂಪ್ ಆದರೆ ಕೊನೆಗೆ ಬಾಯಿ ಮುಕ್ಕಳಿಸುವುದು ಕಡ್ಡಾಯ, ಇಲ್ಲದಿದ್ದರೆ ನಾಲಗೆ ಮೇಲೆ ಬಿಳಿ ಅಗ್ರ ಏಳುತ್ತದೆ.

ನನ್ನ ನೋಡಿ ಅತ್ತೆಯವರೂ ಮೆಲ್ಲಗೆ ಎಳೆಯತೊಡಗಿದರು. ಅವರದು ಪುಡಿ ಕ್ಯಾಪ್ಸೂಲು ಹಾಕುವ ಮೆಷಿನ್. ಅದರಲ್ಲಿ ಪುಡಿ ಏಳಬೇಕಾದರೆ ಜೋರಾಗಿಯೇ ಎಳೆಯಬೇಕು. "ನೀನು ಒಂದು ಹೇಳ್ತೀಯ, ಡಾಕ್ಟ್ರು ಒಂದು ಹೇಳ್ತಾರೆ" ಎಂದು ಈಗಲೂ ಗೊಣಗುತ್ತಾರೆ.